ಮೈಮೇಲಿನ ಗಂಟು: ಪಶುವೈದ್ಯರಿಗೆ ಏನು ಹೇಳಬೇಕು?

"ಹಸುವಿಗೆ ಮೈಯೆಲ್ಲಾ ಗುಳ್ಳೆ ಎದ್ದಿವೆ, ಬೇಗ ಬನ್ನಿ" ಎಂದಷ್ಟೇ ಹೇಳಿಕಳುಹಿಸಿದರೆ ಪಶುವೈದ್ಯರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ನಮ್ಮ ಮಾತಿನಲ್ಲಿ ಗಂಧೆಯೂ ಗುಳ್ಳೆ, ನರೂಲಿಯೂ ಗುಳ್ಳೆ, ಚರ್ಮಗಂಟು ರೋಗವೂ ಗುಳ್ಳೆಯೇ. ಗಂಧೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಚರ್ಮಗಂಟು ರೋಗ ಮಾತ್ರ ಇಡೀ ಬೀದಿಯ ರಾಸುಗಳನ್ನು ಹಿಡಿಯಬಲ್ಲದು. 2019ರಲ್ಲಿ ಒಡಿಶಾದಲ್ಲಿ ವರದಿಯಾದ ಈ ರೋಗ 2022ರಲ್ಲಿ ನಮ್ಮ ರಾಜ್ಯದಲ್ಲಿ ವ್ಯಾಪಕವಾಗಿ ಹರಡಿ, ಅನೇಕ ಕಡೆ ಜಾನುವಾರು ಸಂತೆ, ಜಾತ್ರೆಗಳನ್ನು ನಿಲ್ಲಿಸಬೇಕಾಗಿ ಬಂದದ್ದು ಸದಸ್ಯರಿಗೆ ನೆನಪಿರಬಹುದು.

ಮೊದಲು ರಾಸನ್ನು ಬೆಳಕಿಗೆ ತನ್ನಿ. ಚಾಮರಾಜಪೇಟೆ, ಬಸವನಗುಡಿಯಂತಹ ಹಳೆಯ ಬಡಾವಣೆಗಳಲ್ಲಿ ಮನೆಯ ಹಿಂದಿನ ಇಕ್ಕಟ್ಟಾದ ಜಾಗದಲ್ಲಿ ಒಂದೆರಡು ಹಸು ಕಟ್ಟಿಕೊಂಡವರಿಗೆ ಹಗಲಿನಲ್ಲೂ ಮೈ ಸರಿಯಾಗಿ ಕಾಣುವುದಿಲ್ಲ. ಕಣ್ಣಿಗಿಂತ ಕೈ ಹೆಚ್ಚು ಹೇಳುತ್ತದೆ. ಮೂತಿಯಿಂದ ಆರಂಭಿಸಿ ಕತ್ತು, ಗಂಗೆದೊಗಲು, ಬೆನ್ನು, ಕೆಚ್ಚಲು, ಬಾಲದ ಬುಡದವರೆಗೆ ಕೂದಲಿಗೆ ಎದುರಾಗಿ ಅಂಗೈ ಆಡಿಸಿ.

ಗಂಟಿನ ಗಾತ್ರವನ್ನು ಹೆಸರುಕಾಳು, ಹುಣಸೆಬೀಜ, ಅಡಿಕೆ, ನಿಂಬೆಹಣ್ಣು ಎಂದು ಹೋಲಿಸಿ ಹೇಳಿದರೆ ಸಾಕು. ಅದು ಗಟ್ಟಿಯೋ ಮೆತ್ತಗೋ, ಮೇಲೆ ಹಕ್ಕಳೆ ಕಟ್ಟಿದೆಯೋ ಇಲ್ಲವೋ ನೋಡಿ. ಚರ್ಮಗಂಟು ರೋಗದಲ್ಲಿ 2ರಿಂದ 5 ಸೆಂ.ಮೀ. ಅಗಲದ ದುಂಡನೆಯ ಗಟ್ಟಿ ಗಂಟುಗಳು ಚರ್ಮದ ಪೂರ್ಣ ದಪ್ಪಕ್ಕೂ ಇಳಿದಿರುತ್ತವೆ. ಜೊತೆಗೆ 104ರಿಂದ 106 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಜ್ವರ, ಭುಜದ ಮುಂದೆ ಚರ್ಮದಡಿ ಗಡ್ಡೆ ಊದುವುದು, ಹಾಲು ಥಟ್ಟನೆ ಇಳಿಯುವುದು ಉಂಟು. ಆದ್ದರಿಂದ ಜ್ವರವನ್ನೂ, ಹಿಂದಿನ ಮೂರು ದಿನಗಳ ಹಾಲಿನ ಲೆಕ್ಕವನ್ನೂ ತಪ್ಪದೆ ತಿಳಿಸಿ. ಸಂಘದ ಪಾಸ್‌ಪುಸ್ತಕ ಇಲ್ಲಿ ಥರ್ಮಾಮೀಟರಿನಷ್ಟೇ ಉಪಯೋಗಕ್ಕೆ ಬರುತ್ತದೆ!

ಕರುವಿನ ಕಣ್ಣಿನ ಸುತ್ತ ಕೂದಲುದುರಿ ಬೂದುಬಣ್ಣದ ದುಂಡನೆಯ ಹಕ್ಕಳೆ ಕಂಡರೆ ಹುಳುಕಡ್ಡಿ ಇರಬಹುದು. ಇದು ಮನುಷ್ಯರಿಗೂ ಅಂಟುವುದರಿಂದ ಮಕ್ಕಳನ್ನು ದೂರವಿಡಿ. ರಾಸು ಗೋಡೆಗೆ ಮೈ ತಿಕ್ಕುತ್ತಾ ಚರ್ಮ ದಪ್ಪಗಾಗಿ ನೆರಿಗೆ ಬಿದ್ದಿದ್ದರೆ ಕಜ್ಜಿಯ ಅನುಮಾನ. ಕಪ್ಪು ಬಿಳುಪಿನ ಎಚ್.ಎಫ್. ಮಿಶ್ರತಳಿಯಲ್ಲಿ ಬಿಳಿ ಮಚ್ಚೆಗಳ ಚರ್ಮ ಮಾತ್ರ ಸುಟ್ಟಂತಾಗಿ, ಕಪ್ಪು ಭಾಗ ಚೆನ್ನಾಗಿಯೇ ಉಳಿದಿದ್ದರೆ ಲಂಟಾನ ಗಿಡ ತಿಂದಿತೇ ಎಂದು ವಿಚಾರಿಸಿ. ಇದು ಅಂಟುರೋಗವಲ್ಲ, ಯಕೃತ್ತು ಕೆಟ್ಟು, ಬಿಸಿಲಿಗೆ ಚರ್ಮ ಬೇಯುವ ಸ್ಥಿತಿ. ಕೂಡಲೇ ನೆರಳಿಗೆ ಕಟ್ಟಿ ವೈದ್ಯರನ್ನು ಕರೆಸಬೇಕು.

ಎಷ್ಟು ದಿನವಾಯಿತು, ಮೊದಲು ಎಲ್ಲಿ ಕಂಡಿತು, ಪಕ್ಕದ ಮನೆಯ ರಾಸಿಗೂ ಇದೆಯೇ, ಹೊಸದಾಗಿ ರಾಸು ಕೊಂಡು ತಂದಿರಾ ಎಂಬುದನ್ನೂ ಹೇಳಿ. ವೈದ್ಯರು ನೋಡುವ ಮುನ್ನ ಅರಿಶಿನ, ಬೇವಿನೆಣ್ಣೆ ಬಳಿಯಬೇಡಿ. ಬಣ್ಣ, ಹಕ್ಕಳೆ ಎರಡೂ ಮುಚ್ಚಿಹೋಗುತ್ತವೆ. ಹಳೆಯ ಎಂಜಿನ್ ಆಯಿಲನ್ನಂತೂ ಎಂದಿಗೂ ಹಚ್ಚಕೂಡದು.

ಚರ್ಮಗಂಟಿನ ಅನುಮಾನವಿದ್ದರೆ ರಾಸನ್ನು ಬೇರೆ ಕಟ್ಟಿ, ಬೀದಿಗೆ ಬಿಡಬೇಡಿ. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ರೋಗವಾದ್ದರಿಂದ ಸಗಣಿ, ನಿಂತ ನೀರು ತೆಗೆಸಿ. ಆರೋಗ್ಯವಾಗಿರುವ, 4 ತಿಂಗಳು ದಾಟಿದ ದನಕರುಗಳಿಗೆ ಮೇಕೆ ಸಿಡುಬಿನ ಲಸಿಕೆ ಹಾಕಿಸಬಹುದು. ಈ ರೋಗ ಮನುಷ್ಯರಿಗೆ ಬರುವುದಿಲ್ಲ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಿ.