ಬೇರುನಾಳವನ್ನು ತೊಳೆಯುವ ಬಗೆ ಮತ್ತು ರೂಟ್ ಕೆನಾಲ್ ನಂತರದ ನೋವು

ನರವನ್ನೇ ತೆಗೆದುಹಾಕಿದ ಮೇಲೆ ಹಲ್ಲು ಮತ್ತೆ ಹೇಗೆ ನೋಯುತ್ತದೆ? ರೂಟ್ ಕೆನಾಲ್ ಚಿಕಿತ್ಸೆ ಮಾಡಿಸಿಕೊಂಡವರು ಕೇಳುವ ಮೊದಲ ಪ್ರಶ್ನೆ ಇದು. ನಾನು ದಂತವೈದ್ಯನಲ್ಲ, ನ್ಯೂಜೆರ್ಸಿಯಲ್ಲಿ ವಯಸ್ಕರ ಸಾಮಾನ್ಯ ಕಾಯಿಲೆಗಳನ್ನು ನೋಡುವ ವೈದ್ಯ. ಆದರೆ ಇಲ್ಲಿನ ಕನ್ನಡ ಬಳಗದಲ್ಲಿ ಒಬ್ಬ ವೈದ್ಯನಿದ್ದಾನೆಂದರೆ ಹಲ್ಲುನೋವಿನ ಕರೆಯೂ ಅವನಿಗೇ ಬರುತ್ತದೆ. ಅದೂ ಶುಕ್ರವಾರ ರಾತ್ರಿ, ದಂತವೈದ್ಯರ ಬಾಗಿಲು ಮುಚ್ಚಿದ ಮೇಲೆ. ಕರೆ ಮಾಡಿದವರು ಸಾಮಾನ್ಯವಾಗಿ ಕೇಳುವುದು ಎರಡನ್ನು: ಒಂದು ಆ್ಯಂಟಿಬಯಾಟಿಕ್, ಇನ್ನೊಂದು ‘ಸ್ಟ್ರಾಂಗ್’ ಆದ ನೋವಿನ ಮಾತ್ರೆ. ಬಹುಪಾಲು ಸಂದರ್ಭಗಳಲ್ಲಿ ಎರಡೂ ಬೇಕಾಗುವುದಿಲ್ಲ. ಏಕೆಂದು ತಿಳಿಯಬೇಕಾದರೆ ಆ ಹಲ್ಲಿನೊಳಗೆ ನಡೆದ ಒಂದು ಕೆಲಸವನ್ನು, ಅಂದರೆ ಬೇರುನಾಳವನ್ನು ತೊಳೆದ ಬಗೆಯನ್ನು, ಸ್ವಲ್ಪ ಹತ್ತಿರದಿಂದ ನೋಡಬೇಕು.

ಹಲ್ಲಿನ ನಡುವೆ ರಕ್ತನಾಳ ಮತ್ತು ನರಗಳಿಂದ ಕೂಡಿದ ಮೃದುವಾದ ದಂತಮಜ್ಜೆ ಇರುತ್ತದೆ. ಅದು ಬೇರಿನೊಳಗಿನ ಕಿರಿದಾದ ನಾಳಗಳ ಮೂಲಕ ಇಳಿದು, ಬೇರಿನ ತುದಿಯ ಸೂಕ್ಷ್ಮರಂಧ್ರದಿಂದ ಹೊರಬಂದು ದವಡೆಯ ರಕ್ತನಾಳ ಮತ್ತು ನರಗಳನ್ನು ಸೇರುತ್ತದೆ. ಹುಳುಕು ಮಜ್ಜೆಯನ್ನು ಮುಟ್ಟಿದಾಗ ಅದು ಊದಿಕೊಳ್ಳುತ್ತದೆ, ಕೊನೆಗೆ ಸಾಯುತ್ತದೆ. ದಂತವೈದ್ಯರು ತೆಗೆಯುವುದು ಈ ಮಜ್ಜೆಯನ್ನು. ಆದರೆ ಹಲ್ಲಿನ ಬೇರನ್ನು ಮೂಳೆಗೆ ಬಿಗಿದಿರುವ ತಂತುಗಳ ಪದರ ಹೊರಗಡೆ ಹಾಗೆಯೇ ಜೀವಂತವಾಗಿರುತ್ತದೆ, ಅದಕ್ಕೆ ತನ್ನದೇ ನರಗಳಿವೆ. ಅನ್ನದಲ್ಲಿ ಕಲ್ಲು ಸಿಕ್ಕಿದಾಗ ಥಟ್ಟನೆ ತಿಳಿಯುವುದಕ್ಕೆ ಈ ಪದರವೂ ಕಾರಣ. ರೂಟ್ ಕೆನಾಲ್ ನಂತರ ನೋಯುವುದು ಹೆಚ್ಚಾಗಿ ಇದೇ, ಬೇರಿನ ತುದಿಯ ಸುತ್ತ. ನಾಳದೊಳಗಿನ ಕಸ, ಬ್ಯಾಕ್ಟೀರಿಯಾ ಅಥವಾ ತೊಳೆಯುವ ದ್ರವ ತುದಿಯನ್ನು ದಾಟಿ ಹೊರಬಿದ್ದರೆ ಅಲ್ಲಿನ ಅಂಗಾಂಶ ಕೆರಳಿ ಪ್ರೊಸ್ಟಾಗ್ಲಾಂಡಿನ್ ಮೊದಲಾದ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತದೆ. ಕಚ್ಚಿದರೆ ನೋವು, ಬೆರಳಿನಿಂದ ತಟ್ಟಿದರೆ ನೋವು.

ಹಾಗಾದರೆ ತೊಳೆಯದೆಯೇ ಬಿಡಬಹುದಲ್ಲ ಎಂದರೆ, ಅದು ಸಾಧ್ಯವಿಲ್ಲ. ಬೇರುನಾಳವು ನೇರವಾದ ಕೊಳವೆಯಲ್ಲ. ಕವಲುಗಳು, ಚಪ್ಪಟೆ ಮೂಲೆಗಳು, ಎರಡು ನಾಳಗಳನ್ನು ಜೋಡಿಸುವ ಸೀಳುಗಳು ಅದರಲ್ಲಿರುತ್ತವೆ. ಲೋಹದ ಫೈಲುಗಳು ಎಷ್ಟೇ ನಯವಾಗಿದ್ದರೂ ನಾಳದ ಗೋಡೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಮುಟ್ಟದೆ ಬಿಡುತ್ತವೆ ಎಂಬುದನ್ನು ಸೂಕ್ಷ್ಮ ಸಿ.ಟಿ. ಚಿತ್ರಗಳು ತೋರಿಸಿವೆ. ಅಲ್ಲಿಗೆ ತಲುಪಬಲ್ಲುದು ದ್ರವ ಮಾತ್ರ. ಆ ದ್ರವ ಮುಖ್ಯವಾಗಿ ಸೋಡಿಯಂ ಹೈಪೋಕ್ಲೋರೈಟ್. ಬಟ್ಟೆ ಬಿಳುಪಾಗಿಸಲು ಬಳಸುವ ಬ್ಲೀಚಿನಲ್ಲಿರುವ ರಾಸಾಯನಿಕವೇ, 0.5ರಿಂದ 6 ಪ್ರತಿಶತದ ನಡುವಿನ ಸಾಂದ್ರತೆಯಲ್ಲಿ. ಅದು ರೋಗಾಣುಗಳನ್ನು ಕೊಲ್ಲುತ್ತದೆ, ಸತ್ತ ಮಜ್ಜೆಯನ್ನು ಕರಗಿಸುತ್ತದೆ. ತೊಡಕೆಂದರೆ, ಜೀವಂತ ಅಂಗಾಂಶವನ್ನೂ ಕರಗಿಸುತ್ತದೆ.

ಒಳಗೆ ಆಳದವರೆಗೆ ತಲುಪಬೇಕು, ಆದರೆ ಜೀವಂತ ಅಂಗಾಂಶಕ್ಕೆ ಹಾನಿಯಾಗಬಾರದು. ಈ ಸಮಸ್ಯೆ ಹಲ್ಲಿಗಿಂತ ಮೊದಲು ಯುದ್ಧದ ಗಾಯಗಳಲ್ಲಿ ಎದುರಾಗಿತ್ತು, ಅದರ ಕಥೆಯಲ್ಲಿ ನಮ್ಮ ನೆರೆಯ ನ್ಯೂಯಾರ್ಕ್ ನಗರಕ್ಕೂ ಒಂದು ಪಾತ್ರವಿದೆ. ಹೆನ್ರಿ ಡೇಕಿನ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ 1905ರಲ್ಲಿ ನ್ಯೂಯಾರ್ಕಿಗೆ ಬಂದು ಕ್ರಿಶ್ಚಿಯನ್ ಹರ್ಟರ್ ಅವರ ಖಾಸಗಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಅಲೆಕ್ಸಿಸ್ ಕ್ಯಾರೆಲ್ ಅದೇ ನಗರದ ರಾಕ್‌ಫೆಲರ್ ಸಂಸ್ಥೆಯ ಶಸ್ತ್ರವೈದ್ಯ, 1912ರ ನೊಬೆಲ್ ಪುರಸ್ಕೃತ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಕೊಂಪಿಯೆನ್ ಎಂಬಲ್ಲಿನ ಆಸ್ಪತ್ರೆಯಲ್ಲಿ ಇವರಿಬ್ಬರೂ ಜೊತೆಗೂಡಿದರು. ಡೇಕಿನ್ ಇನ್ನೂರಕ್ಕೂ ಹೆಚ್ಚು ವಸ್ತುಗಳನ್ನು ಪರೀಕ್ಷಿಸಿ, 1915ರಲ್ಲಿ ಸುಮಾರು 0.5 ಪ್ರತಿಶತದ, ಕ್ಷಾರಗುಣವನ್ನು ತಗ್ಗಿಸಿದ ಹೈಪೋಕ್ಲೋರೈಟ್ ದ್ರಾವಣವನ್ನು ಆರಿಸಿದರು. ಅದನ್ನು ಗಾಯಕ್ಕೆ ಸುಮ್ಮನೆ ಸುರಿದರೆ ಸಾಲದೆಂದು ಕ್ಯಾರೆಲ್ ಕಂಡುಕೊಂಡರು. ತುದಿ ಮುಚ್ಚಿದ, ಪಕ್ಕದಲ್ಲಿ ಸಣ್ಣ ರಂಧ್ರಗಳಿರುವ ರಬ್ಬರ್ ನಳಿಕೆಗಳನ್ನು ಗಾಯದ ಆಳಕ್ಕಿಳಿಸಿ ಎರಡು ಗಂಟೆಗೊಮ್ಮೆ ಸ್ವಲ್ಪಸ್ವಲ್ಪವೇ ದ್ರವ ಬಿಡುವ ಕ್ರಮವನ್ನು ರೂಪಿಸಿದರು. 1917ರಲ್ಲಿ ರಾಕ್‌ಫೆಲರ್ ಸಂಸ್ಥೆ ಮ್ಯಾನ್‌ಹ್ಯಾಟನ್ನಿನ ತನ್ನ ಆವರಣದಲ್ಲಿಯೇ ಒಂದು ಯುದ್ಧ ಪ್ರದರ್ಶನ ಆಸ್ಪತ್ರೆಯನ್ನು ತೆರೆದು ಈ ಕ್ರಮವನ್ನು ಸೇನಾವೈದ್ಯರಿಗೆ ಕಲಿಸಿತು. ಯುದ್ಧ ಮುಗಿಯುವಷ್ಟರಲ್ಲಿ ಈ ದ್ರಾವಣ ದಂತಚಿಕಿತ್ಸೆಗೂ ಬಂದಿತ್ತು. ದ್ರವದ ಗುಣದಷ್ಟೇ ಅದನ್ನು ಒಯ್ಯುವ ವಿಧಾನವೂ ಮುಖ್ಯವೆಂಬ ಕ್ಯಾರೆಲ್ ಅವರ ತಿಳಿವು ಮಾತ್ರ ಹಲ್ಲಿನ ವಿಷಯದಲ್ಲಿ ಬೇರೂರಲು ಬಹಳ ಕಾಲ ಹಿಡಿಯಿತು.

ಇಂದು ದಂತವೈದ್ಯರ ಕೈಯಲ್ಲಿರುವ ಸೂಜಿಯನ್ನು ನೋಡಿದರೆ ಕ್ಯಾರೆಲ್ ಅವರ ನಳಿಕೆ ನೆನಪಾಗುತ್ತದೆ. ಸುಮಾರು 0.3 ಮಿಲಿಮೀಟರ್ ದಪ್ಪ, ತುದಿ ಮುಚ್ಚಿದೆ, ರಂಧ್ರ ಪಕ್ಕದಲ್ಲಿದೆ. ದ್ರವ ನೇರವಾಗಿ ಬೇರಿನ ತುದಿಯತ್ತ ಚಿಮ್ಮದೆ ಗೋಡೆಯತ್ತ ಹರಿಯಲಿ ಎಂಬುದು ಉದ್ದೇಶ. ಸೂಜಿಯನ್ನು ತುದಿಗಿಂತ ಒಂದೆರಡು ಮಿಲಿಮೀಟರ್ ಮೊದಲೇ ನಿಲ್ಲಿಸಬೇಕು, ನಾಳದಲ್ಲಿ ಸಿಕ್ಕಿಕೊಳ್ಳದಂತೆ ಆಡಿಸುತ್ತಿರಬೇಕು, ಸಿರಿಂಜನ್ನು ಮೆಲ್ಲಗೆ ಒತ್ತಬೇಕು. ಇಲ್ಲೊಂದು ಇಕ್ಕಟ್ಟಿದೆ. ಬೇರು ಮೂಳೆಯೊಳಗೆ ಹುದುಗಿರುವುದರಿಂದ ನಾಳವು ತಳ ಮುಚ್ಚಿದ ಸೀಸೆಯಂತೆ ವರ್ತಿಸುತ್ತದೆ. ತಳದಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡು ದ್ರವವನ್ನು ಕೆಳಗಿಳಿಯಲು ಬಿಡುವುದಿಲ್ಲ. ಮೆಲ್ಲಗೆ ಒತ್ತಿದರೆ ತುದಿ ತೊಳೆಯದೆ ಉಳಿಯುತ್ತದೆ. ಜೋರಾಗಿ ಒತ್ತಿದರೆ ತುದಿಯಾಚೆ ದ್ರವ ಹೋಗುವ ಅಪಾಯ. ಸಿರಿಂಜಿನ ಮಿತಿ ಇದು.

ಈ ಮಿತಿಯನ್ನು ಮೀರಲು ಎರಡು ದಾರಿಗಳು ಬಂದವು. ಒಂದು, ನಾಳದಲ್ಲಿ ದ್ರವ ತುಂಬಿಸಿ ಅದನ್ನು ಶಬ್ದತರಂಗದಿಂದ ಅಥವಾ ಅಲ್ಟ್ರಾಸೌಂಡಿನಿಂದ ಕಂಪಿಸುವುದು. ಗುಳ್ಳೆ ಒಡೆಯುತ್ತದೆ, ದ್ರವ ಮೂಲೆಗಳಿಗೆ ನುಗ್ಗುತ್ತದೆ. ಇನ್ನೊಂದು ಋಣಾತ್ಮಕ ಒತ್ತಡದ ವಿಧಾನ. ದ್ರವವನ್ನು ಮೇಲೆ, ಹಲ್ಲಿನ ಬಾಯಲ್ಲಿ ಬಿಟ್ಟು, ತುದಿಯ ಬಳಿಗೆ ಇಳಿಸಿದ ಅತಿ ಸಣ್ಣ ನಳಿಕೆಯಿಂದ ಹೀರಿಕೊಳ್ಳುವುದು. ಎಳನೀರನ್ನು ಸ್ಟ್ರಾದಿಂದ ಎಳೆದಂತೆ. ದ್ರವ ಎಳೆತಕ್ಕೆ ಸಿಕ್ಕಿ ತುದಿಯವರೆಗೆ ಬರುತ್ತದೆ, ಆದರೆ ತಳ್ಳುವ ಒತ್ತಡವಿಲ್ಲದ್ದರಿಂದ ಆಚೆ ದಾಟುವುದು ಅಪರೂಪ.

ರೋಗಿಯ ನೋವಿನಲ್ಲಿ ಇದರಿಂದ ವ್ಯತ್ಯಾಸವಾಗುತ್ತದೆಯೆ? 2010ರಲ್ಲಿ ಪ್ರಕಟವಾದ ಒಂದು ಯಾದೃಚ್ಛಿಕ ಪ್ರಯೋಗದಲ್ಲಿ ಒಂದೇ ಬೇರಿನ, ಮೊದಲೇ ನೋವಿಲ್ಲದ 110 ಹಲ್ಲುಗಳನ್ನು ಎರಡು ಗುಂಪು ಮಾಡಲಾಗಿತ್ತು. ಹೀರುವ ವಿಧಾನದ ಗುಂಪಿನಲ್ಲಿ ಮೊದಲ ಎರಡು ದಿನಗಳ ನೋವು ಸೂಜಿಯ ಗುಂಪಿಗಿಂತ ಕಡಿಮೆಯಿತ್ತು. ಮೊದಲ ದಿನ ನೋವಿನ ಮಾತ್ರೆಯನ್ನೂ ಕಡಿಮೆ ತೆಗೆದುಕೊಂಡಿದ್ದರು. ಯಂತ್ರದಿಂದ ದ್ರವವನ್ನು ಕಂಪಿಸುವ ವಿಧಾನಗಳ ಬಗೆಗಿನ ವಿಮರ್ಶಾತ್ಮಕ ಅವಲೋಕನಗಳೂ ಬಹುಮಟ್ಟಿಗೆ ಇದೇ ದಿಕ್ಕನ್ನು ತೋರಿಸುತ್ತವೆ. ಸಾಂದ್ರತೆಯ ವಿಷಯದಲ್ಲಿ, ಈಜಿಪ್ಟಿನ ಕೈರೋದಲ್ಲಿ ಮಜ್ಜೆ ಸತ್ತ ಕೆಳದವಡೆಯ ಹಲ್ಲುಗಳ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 5.25 ಪ್ರತಿಶತಕ್ಕಿಂತ 1.3 ಪ್ರತಿಶತದ ದ್ರಾವಣದಿಂದ ನೋವು ಕಡಿಮೆಯಾಗಿತ್ತು. ತೆಳುವಾದರೆ ರೋಗಾಣು ಉಳಿದೀತೆಂಬ ಅಂಜಿಕೆ ಸಹಜ. ಹರಿಯಾಣದ ರೋಹ್ಟಕ್‌ನಲ್ಲಿ 1 ಮತ್ತು 5 ಪ್ರತಿಶತಗಳನ್ನು ಹೋಲಿಸಿದ 2019ರ ಪ್ರಯೋಗದಲ್ಲಿ ಒಂದು ವರ್ಷದ ನಂತರ ಗುಣವಾದ ಪ್ರಮಾಣದಲ್ಲಿ ಗಣನೀಯ ಅಂತರ ಕಾಣಲಿಲ್ಲ. ಕೊನೆಯಲ್ಲಿ 2.5 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದ ಲವಣಜಲದಿಂದ ಕೆಲವು ನಿಮಿಷ ತೊಳೆಯುವ ಪದ್ಧತಿಯೂ ಇದೆ. ಉಳುಕಿದ ಕಾಲಿಗೆ ಮಂಜುಗಡ್ಡೆ ಒತ್ತಿದಂತೆ ಇದು ಬೇರಿನ ಹೊರಮೈಯನ್ನೂ ತಂಪಾಗಿಸುತ್ತದೆ, ಖರ್ಚೂ ಹೆಚ್ಚಿಲ್ಲ. ಮೊದಲೇ ನೋವಿದ್ದವರಿಗೆ ಇದರಿಂದ ಅನುಕೂಲವಾದ ವರದಿಗಳಿವೆ.

ಈ ಅಂಕಿಗಳನ್ನು ಓದುವಾಗ ವೈದ್ಯನಾಗಿ ನನಗೆ ಒಂದೆರಡು ಎಚ್ಚರಿಕೆಗಳು ತೋರುತ್ತವೆ. ನೋವನ್ನು ಅಳೆಯುವ ಯಂತ್ರವಿಲ್ಲ. ರೋಗಿಯೇ ಸೊನ್ನೆಯಿಂದ ಹತ್ತರೊಳಗೆ ಗುರುತು ಹಾಕಬೇಕು. ಚಿಕಿತ್ಸೆ ಕೊಡುವವರಿಗೆ ಯಾವ ಉಪಕರಣ ಬಳಸುತ್ತಿದ್ದೇವೆಂಬುದು ಗೊತ್ತೇ ಇರುತ್ತದೆ. ಅಲ್ಲದೆ ಕಂಡ ವ್ಯತ್ಯಾಸಗಳೆಲ್ಲ ಹೆಚ್ಚಾಗಿ ಮೊದಲ ಒಂದೆರಡು ದಿನಗಳವು. ವಾರ ಕಳೆಯುವಷ್ಟರಲ್ಲಿ ಗುಂಪುಗಳ ನಡುವಿನ ಅಂತರ ಮಾಸಿಹೋಗುತ್ತದೆ. 2011ರ ಒಂದು ಅವಲೋಕನದ ಪ್ರಕಾರ ಚಿಕಿತ್ಸೆಗೆ ಮೊದಲು ನೋವಿದ್ದವರು ಸುಮಾರು 81 ಪ್ರತಿಶತ, 24 ಗಂಟೆಯ ನಂತರ 40, ಏಳು ದಿನಗಳ ನಂತರ 11. ಮುಂಚೆ ತೀವ್ರ ನೋವಿದ್ದವರಿಗೇ ನಂತರವೂ ಹೆಚ್ಚು ನೋವು. ಯಾವ ಉಪಕರಣವೂ ಇದನ್ನು ಪೂರ್ತಿ ಅಳಿಸದು. ಹೊಳೆಯುವ ಯಂತ್ರದ ಜಾಹೀರಾತನ್ನು ನೋಡಿ ದಂತವೈದ್ಯರನ್ನು ಬದಲಿಸುವ ಅಗತ್ಯವಿಲ್ಲವೆಂದೇ ನನ್ನ ಅಭಿಪ್ರಾಯ. ಹಲ್ಲಿಗೆ ರಬ್ಬರ್ ಹಾಳೆಯ ಮರೆ ಕಟ್ಟಿ, ನಾಳದ ಉದ್ದವನ್ನು ಸರಿಯಾಗಿ ಅಳೆದು, ಪಕ್ಕರಂಧ್ರದ ಸೂಜಿಯನ್ನು ತಾಳ್ಮೆಯಿಂದ ಬಳಸುವ ಕೈ ದೊಡ್ಡದು.

ಒಂದು ಅಪರೂಪದ ಸ್ಥಿತಿಯನ್ನು ಮಾತ್ರ ಬೇರೆಯಾಗಿ ಹೇಳಬೇಕು. ಹೈಪೋಕ್ಲೋರೈಟ್ ಹೆಚ್ಚಿನ ಪ್ರಮಾಣದಲ್ಲಿ ಬೇರಿನಾಚೆ ನುಗ್ಗಿದರೆ ಕುರ್ಚಿಯಲ್ಲಿರುವಾಗಲೇ ಸಹಿಸಲಾರದ ಉರಿನೋವು, ನಿಮಿಷಗಳಲ್ಲಿ ಕೆನ್ನೆಯ ಊತ, ನಾಳದಿಂದ ರಕ್ತ, ಮರುದಿನ ಮುಖದ ಮೇಲೆ ನೀಲಿಗಟ್ಟುವಿಕೆ ಕಾಣಿಸುತ್ತವೆ. ಇದು ಸಾಮಾನ್ಯ ನೋವಲ್ಲ. ಮರೆಮಾಚದೆ ಆಗಲೇ ಚಿಕಿತ್ಸೆ ಮಾಡಬೇಕಾದ ಅವಘಡ.

ಉಳಿದ ಸಾಮಾನ್ಯ ನೋವಿಗೆ ಐಬುಪ್ರೊಫೆನ್ ಮತ್ತು ಅಸೆಟಮಿನೊಫೆನ್ ಜೋಡಿ ಸಾಕು. ಅಫೀಮು ವರ್ಗದ ಮಾತ್ರೆಗಿಂತ ಇದು ದುರ್ಬಲವೆಂಬ ಭಾವನೆ ತಪ್ಪು. ನೆವಾರ್ಕಿನ ರಟ್ಗರ್ಸ್ ದಂತವೈದ್ಯ ಶಾಲೆಯ ನೇತೃತ್ವದಲ್ಲಿ 1,800ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದಲ್ಲಿ, ಬುದ್ಧಿಹಲ್ಲು ಕೀಳಿಸಿಕೊಂಡವರ ಮೊದಲ ದಿನದ ನೋವನ್ನು ಈ ಜೋಡಿಯೇ ಹೈಡ್ರೊಕೊಡೋನಿಗಿಂತ ಚೆನ್ನಾಗಿ ತಗ್ಗಿಸಿತು. ಅದು ಹಲ್ಲು ಕೀಳುವ ಶಸ್ತ್ರಕ್ರಿಯೆ, ರೂಟ್ ಕೆನಾಲ್ ಅಲ್ಲ; ಆದರೂ ಊತದಿಂದ ಹುಟ್ಟುವ ನೋವಿನ ಸ್ವಭಾವ ಒಂದೇ. ನ್ಯೂಜೆರ್ಸಿಯಲ್ಲಂತೂ 2017ರಿಂದ ತೀವ್ರ ನೋವಿಗೆ ಮೊದಲ ಬಾರಿ ಅಫೀಮು ವರ್ಗದ ಔಷಧ ಬರೆಯುವಾಗ ಐದು ದಿನಗಳ ಕಾನೂನು ಮಿತಿ ಇದೆ. ನ್ಯೂಯಾರ್ಕಿನಲ್ಲಿ ಅದು ಏಳು ದಿನ.

ಊರಿನಿಂದ ಬಂದ ಅಪ್ಪ ಅಮ್ಮಂದಿರ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು. ಅವರ ಚೀಲದಲ್ಲಿರುವ ಡೋಲೊ 650 ಎಂದರೆ ಪ್ಯಾರಾಸಿಟಮಾಲ್. ಇಲ್ಲಿನ ಟೈಲೆನಾಲ್ ಎಂದರೂ ಅದೇ, ಹೆಸರು ಮಾತ್ರ ಬೇರೆ. ಕಾಂಬಿಫ್ಲಾಮಿನಲ್ಲಿ ಅದೂ ಇದೆ, ಐಬುಪ್ರೊಫೆನ್ನೂ ಇದೆ. ಮೂರನ್ನೂ ಒಟ್ಟಿಗೆ ನುಂಗಿ ಯಕೃತ್ತಿಗೆ ಕುತ್ತು ತಂದುಕೊಳ್ಳಬಾರದು. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೊರಗಿದವರು, ಹೊಟ್ಟೆಯಲ್ಲಿ ಹುಣ್ಣು ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳದೆ ಐಬುಪ್ರೊಫೆನ್ ಮುಟ್ಟಬಾರದು.

ಆ್ಯಂಟಿಬಯಾಟಿಕ್ ವಿಷಯಕ್ಕೆ ಬಂದರೆ, ಕೆರಳಿದ ಅಂಗಾಂಶದ ನೋವಿನ ಮೇಲೆ ಅದಕ್ಕೆ ಪ್ರಭಾವವಿಲ್ಲ. ರೋಗನಿರೋಧಕ ಶಕ್ತಿ ಸರಿಯಾಗಿರುವ ವಯಸ್ಕರಿಗೆ ಹಲ್ಲಿನ ಚಿಕಿತ್ಸೆಯೇ ಲಭ್ಯವಿರುವಾಗ ಬಹುಪಾಲು ಮಜ್ಜೆಯ ಮತ್ತು ಬೇರುತುದಿಯ ತೊಂದರೆಗಳಿಗೆ ಅದನ್ನು ಕೊಡಬಾರದೆಂದು ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲೇ ಸೂಚಿಸಿದೆ. ಜ್ವರ, ಹಬ್ಬುತ್ತಿರುವ ಊತ, ಬಾಯಿ ತೆರೆಯಲಾಗದಿರುವುದು ಇದ್ದರೆ ಮಾತು ಬೇರೆ. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಯಾರಿಗೂ ಕರೆ ಮಾಡುತ್ತ ಕೂರದೆ ನೇರವಾಗಿ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕು.

ಇಲ್ಲಿನ ವೆಚ್ಚಕ್ಕೆ ಹೆದರಿ, ರಜೆಯಲ್ಲಿ ಬೆಂಗಳೂರಿಗೋ ಮೈಸೂರಿಗೋ ಹೋದಾಗ ಈ ಚಿಕಿತ್ಸೆ ಮುಗಿಸಿಕೊಂಡು ಬರುವವರು ನಮ್ಮಲ್ಲಿ ಬಹಳ ಮಂದಿ. ಅದರಲ್ಲಿ ತಪ್ಪಿಲ್ಲ, ಅಲ್ಲಿನ ತಜ್ಞರ ಕೈಚಳಕ ಇಲ್ಲಿಯವರಿಗೆ ಕಡಿಮೆಯೇನಲ್ಲ. ಆದರೆ ವಿಮಾನ ಹತ್ತುವ ಹಿಂದಿನ ದಿನಕ್ಕೆ ಸಮಯ ಗೊತ್ತುಮಾಡಿಕೊಳ್ಳಬೇಡಿ. ನೋವು ಹೆಚ್ಚಾಗುವುದು ಮೊದಲ ಎರಡು ದಿನಗಳಲ್ಲಿ. ಊರಿಗೆ ತಲುಪಿದ ಮೊದಲ ವಾರವೇ ತೋರಿಸಿಕೊಂಡರೆ, ಏನಾದರೂ ಕೆರಳಿದರೂ ಅದೇ ವೈದ್ಯರ ಬಳಿಗೆ ಮತ್ತೆ ಹೋಗಲು ದಿನಗಳು ಉಳಿದಿರುತ್ತವೆ. ಬರುವಾಗ ಎಕ್ಸ್-ರೇ ಚಿತ್ರಗಳನ್ನೂ, ಯಾವ ನಾಳವನ್ನು ಎಷ್ಟು ಉದ್ದಕ್ಕೆ ತುಂಬಲಾಗಿದೆ ಎಂಬ ಚೀಟಿಯನ್ನೂ ಕೇಳಿ ಪಡೆದು ತನ್ನಿ. ಎಡಿಸನ್ನಿನಲ್ಲೋ ಕ್ವೀನ್ಸಿನಲ್ಲೋ ಮುಂದೆ ಆ ಹಲ್ಲನ್ನು ನೋಡುವ ದಂತವೈದ್ಯರಿಗೆ ಮೊದಲು ಬೇಕಾಗುವುದು ಅದೇ.