ಗಣಕೀಕರಣ ಯೋಜನೆ: ಸಣ್ಣ ಸಂಸ್ಥೆಗಳು ಗಮನಿಸಬೇಕಾದ ಅಂಶಗಳು

ಮಾಗಡಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕುದೂರಿನಂತಹ ಊರಿನಲ್ಲಿಯೂ ಇಂದು ಗಣಕಯಂತ್ರದ ನೆರವಿಲ್ಲದೆ ವ್ಯಾಪಾರ ನಡೆಸುವುದು ಕಷ್ಟಸಾಧ್ಯ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ನೋಂದಾಯಿತ ವರ್ತಕರು ತಮ್ಮ ವಿವರಪಟ್ಟಿಗಳನ್ನು ಅಂತರ್ಜಾಲದ ಮೂಲಕವೇ ಸಲ್ಲಿಸಬೇಕಾಗಿದೆ. ಕರ್ನಾಟಕದೊಳಗಿನ ಸರಕು ಸಾಗಣೆಗೆ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂದಿತು. ವಾರ್ಷಿಕ ವಹಿವಾಟು ರೂ. 5 ಕೋಟಿ ಮೀರಿದ ಸಂಸ್ಥೆಗಳು 2023ರ ಆಗಸ್ಟ್ 1ರಿಂದ ನೋಂದಾಯಿತ ಖರೀದಿದಾರರಿಗೆ ಇ-ಇನ್‌ವಾಯ್ಸ್ ನೀಡಬೇಕಾಗಿದೆ. ಆದುದರಿಂದ ಗಣಕೀಕರಣ ಬೇಕೇ ಎಂಬ ಪ್ರಶ್ನೆ ಈಗ ಉಳಿದಿಲ್ಲ. ಅದನ್ನು ಹೇಗೆ ನಿರ್ವಹಿಸಬೇಕೆಂಬುದೇ ವಿಚಾರ.

‘ಭೂಮಿ’ ಕಲಿಸುವ ಪಾಠ

ಈ ವಿಷಯದಲ್ಲಿ ಉತ್ತಮ ನಿದರ್ಶನ ನಮ್ಮ ರಾಜ್ಯದಲ್ಲಿಯೇ ಇದೆ. ಪಹಣಿಗಳನ್ನು ಗಣಕಕ್ಕೆ ಸೇರಿಸುವ ಪ್ರಯತ್ನ 1991ರಲ್ಲಿ ಅಂದಿನ ಗುಲ್ಬರ್ಗಾ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಆದರೆ ಒಮ್ಮೆ ತುಂಬಿದ ಮಾಹಿತಿಯನ್ನು ದಿನದಿನದ ಬದಲಾವಣೆಗೆ ತಕ್ಕಂತೆ ತಿದ್ದುವ ವ್ಯವಸ್ಥೆ ಇರಲಿಲ್ಲ. ಜಮೀನು ಕೈ ಬದಲಾಗುತ್ತಿತ್ತು, ಗಣಕದಲ್ಲಿನ ದಾಖಲೆ ಹಳೆಯದಾಗಿಯೇ ಉಳಿಯುತ್ತಿತ್ತು. ಆ ಪ್ರಯತ್ನ ಫಲ ನೀಡಲಿಲ್ಲ.

ಮುಂದೆ ‘ಭೂಮಿ’ ಯೋಜನೆಯಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಬಂದವು. ಇಲ್ಲಿ ವ್ಯತ್ಯಾಸ ಉಂಟಾದದ್ದು ಯಂತ್ರದಿಂದಲ್ಲ, ಕ್ರಮದಿಂದ. ತುಂಬಿದ ಮಾಹಿತಿಯನ್ನು ಮುದ್ರಿಸಿ, ಮೂಲ ದಾಖಲೆಯೊಡನೆ ಹೋಲಿಸಿ ತಿದ್ದಲಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡುವಂತೆ ತಂತ್ರಾಂಶ ರೂಪಿಸಲಾಯಿತು. ಯಾರು ದಾಖಲೆ ತಿದ್ದಿದರೆಂಬುದು ತಿಳಿಯಲು ಬೆರಳಚ್ಚಿನ ಗುರುತನ್ನು ಅಳವಡಿಸಲಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಗಣಕೀಕೃತ ಪಹಣಿ ಬಂದೊಡನೆ ಕೈಬರಹದ ಪಹಣಿಯ ಮಾನ್ಯತೆಯನ್ನು ರದ್ದುಪಡಿಸಲಾಯಿತು.

ಮಾಹಿತಿಯ ಶುದ್ಧತೆ, ಹೊಣೆಗಾರಿಕೆ, ಹಳೆಯ ಪದ್ಧತಿಗೆ ಮುಕ್ತಾಯ: ಈ ಮೂರು ಅಂಶಗಳು ಸಣ್ಣ ಅಂಗಡಿಗೂ ಅನ್ವಯಿಸುತ್ತವೆ.

ವೆಚ್ಚದ ಪೂರ್ಣ ಲೆಕ್ಕ

ಬಹುತೇಕ ವರ್ತಕರು ಯಂತ್ರದ ಬೆಲೆಯನ್ನೇ ಯೋಜನೆಯ ವೆಚ್ಚವೆಂದು ಭಾವಿಸುತ್ತಾರೆ. ಉದಾಹರಣೆಗೆ, ಕುದೂರಿನ ಕಬ್ಬಿಣ-ಸಿಮೆಂಟಿನ ವ್ಯಾಪಾರಿಯೊಬ್ಬರು ಗಣಕಯಂತ್ರ, ಮುದ್ರಣಯಂತ್ರಗಳಿಗೆ ರೂ. 60,000, ತಂತ್ರಾಂಶಕ್ಕೆ ರೂ. 25,000, ಯುಪಿಎಸ್ ಮತ್ತು ಬ್ಯಾಟರಿಗೆ ರೂ. 10,000, ಒಟ್ಟು ರೂ. 95,000 ತೊಡಗಿಸಿದರೆಂದು ಇಟ್ಟುಕೊಳ್ಳಬಹುದು. ಸರಕು ಹಾಗೂ ಖಾತೆಗಳ ಆರಂಭಿಕ ವಿವರ ತುಂಬಲು ರೂ. 20,000, ನೌಕರರ ತರಬೇತಿಗೆ ರೂ. 10,000 ಬೇಕಾಗುತ್ತದೆ. ವರ್ಷಕ್ಕೆ ರೂ. 12,000ದಂತೆ ನವೀಕರಣ ಮತ್ತು ದುರಸ್ತಿ, ರೂ. 10,000ದಂತೆ ಅಂತರ್ಜಾಲ ಮತ್ತು ಬ್ಯಾಕಪ್ ಸೇರಿದರೆ ಮೂರು ವರ್ಷಕ್ಕೆ ರೂ. 66,000. ಒಟ್ಟು ವೆಚ್ಚ ರೂ. 1,91,000, ಅಂದರೆ ಆರಂಭದ ಅಂದಾಜಿನ ಇಮ್ಮಡಿ. ಈ ಹಣವನ್ನು ಮೊದಲೇ ಮೀಸಲಿಡದಿದ್ದರೆ ತರಬೇತಿ ಮತ್ತು ಬ್ಯಾಕಪ್‌ಗಳೇ ಮೊದಲು ಕಡಿತಗೊಳ್ಳುತ್ತವೆ. ಯೋಜನೆ ಅಲ್ಲಿಯೇ ಕುಂಟುತ್ತದೆ.

ಅನುಷ್ಠಾನದ ಕ್ರಮ

ಹೊಸ ವ್ಯವಸ್ಥೆಯನ್ನು ಆರ್ಥಿಕ ವರ್ಷದ ಆರಂಭದಲ್ಲಿ, ಅಂದರೆ ಏಪ್ರಿಲ್ 1ರಂದು, ಪ್ರಾರಂಭಿಸುವುದು ಲೇಸು. ಅದಕ್ಕೆ ಮುನ್ನ ಗೋದಾಮಿನ ಸರಕನ್ನು ಕೈಯಾರೆ ಎಣಿಸಿ, ಸಾಲಗಾರರ ಬಾಕಿಯನ್ನು ಅವರಿಂದ ದೃಢೀಕರಿಸಿಕೊಂಡು ಆರಂಭಿಕ ಶಿಲ್ಕನ್ನು ನಮೂದಿಸಬೇಕು. ತಪ್ಪು ಶಿಲ್ಕಿನಿಂದ ಹೊರಟ ಲೆಕ್ಕ ವರ್ಷಾಂತ್ಯದವರೆಗೂ ತಪ್ಪಾಗಿಯೇ ಸಾಗುತ್ತದೆ. ಎರಡು ತಿಂಗಳು ಕೈಬರಹದ ಪುಸ್ತಕವನ್ನೂ ಗಣಕವನ್ನೂ ಜೊತೆಜೊತೆಯಾಗಿ ನಡೆಸಿ, ತಾಳೆ ನೋಡಿ, ಪೂರ್ವನಿಗದಿತ ದಿನದಂದು ಹಳೆಯ ಪುಸ್ತಕವನ್ನು ಮುಚ್ಚತಕ್ಕದ್ದು. ಎರಡೂ ಅನಿರ್ದಿಷ್ಟವಾಗಿ ಮುಂದುವರಿದರೆ ಯಾವುದು ನಿಜವಾದ ಲೆಕ್ಕವೆಂಬುದೇ ತಿಳಿಯದಾಗುತ್ತದೆ.

ಯೋಜನೆಯ ಹೊಣೆಯನ್ನು ಮಾಲೀಕರು ಅಥವಾ ಪಾಲುದಾರರಲ್ಲಿ ಒಬ್ಬರು ಹೊರಬೇಕು. ತಂತ್ರಾಂಶ ಮಾರುವವರಿಗಾಗಲಿ, ಗುಮಾಸ್ತರಿಗಾಗಲಿ ಅದನ್ನು ಪೂರ್ಣವಾಗಿ ಒಪ್ಪಿಸುವುದು ಸರಿಯಲ್ಲ.

ಒಬ್ಬರ ಮೇಲಿನ ಅವಲಂಬನೆ

ಸಣ್ಣ ಸಂಸ್ಥೆಗಳಿಗೆ ಎದುರಾಗುವ ದೊಡ್ಡ ಅಪಾಯವೆಂದರೆ, ಇಡೀ ವ್ಯವಸ್ಥೆ ಒಬ್ಬ ಗುಮಾಸ್ತನ ತಲೆಯಲ್ಲಿರುವುದು. ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತಿದ್ದು, ತೆರಿಗೆ ಪೋರ್ಟಲ್‌ಗೆ ಅವನ ಮೊಬೈಲ್ ಸಂಖ್ಯೆಯೇ ನೋಂದಣಿಯಾಗಿದ್ದು, ಅವನು ಕೆಲಸ ಬಿಟ್ಟರೆ ವಿವರಪಟ್ಟಿಯ ಸಲ್ಲಿಕೆ ನಿಲ್ಲುತ್ತದೆ. ತಡವಾದುದಕ್ಕೆ ಶುಲ್ಕ, ಬಡ್ಡಿ ತೆರಬೇಕಾಗುತ್ತದೆ. ಮಾರಾಟಗಾರರು ಸಲ್ಲಿಸಿದ ಬಿಲ್ಲುಗಳ ವಿವರ ಕಾಣದಿದ್ದರೆ ಖರೀದಿದಾರರಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲವಾದ್ದರಿಂದ, ಅವರು ಬೇರೆ ಅಂಗಡಿಯತ್ತ ಮುಖಮಾಡುತ್ತಾರೆ.

ಆದ್ದರಿಂದ ಪೋರ್ಟಲ್‌ನಲ್ಲಿ ಮಾಲೀಕರ ಮೊಬೈಲ್ ಹಾಗೂ ಇ-ಮೇಲ್ ಇರಬೇಕು. ಬಿಲ್ಲು ಹಾಕುವವರಿಗೆ ಅದನ್ನು ಅಳಿಸುವ ಅಧಿಕಾರ ಇರಬಾರದು. ಕಂಪನಿಗಳಾಗಿ ನೋಂದಾಯಿತವಾದ ಸಂಸ್ಥೆಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಪಾಲುದಾರಿಕೆ ಸಂಸ್ಥೆಗಳೂ ಇದನ್ನು ಸ್ವಯಿಚ್ಛೆಯಿಂದ ಪಾಲಿಸುವುದು ಹಿತಕರ.

ಸರಕು ಮತ್ತು ಸೇವಾ ತೆರಿಗೆ ಕಾಯಿದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳವರೆಗೆ ಕಾಪಾಡಬೇಕು. ಯಂತ್ರದ ಆಯುಷ್ಯ ಅಷ್ಟಿರುವುದೆಂಬ ಖಾತರಿಯಿಲ್ಲ. ಪ್ರತಿದಿನದ ಬ್ಯಾಕಪ್‌ನ ಒಂದು ಪ್ರತಿ ಅಂಗಡಿಯ ಹೊರಗಿರಬೇಕು. ತಿಂಗಳಿಗೊಮ್ಮೆ ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ಪರೀಕ್ಷಿಸಬೇಕು.

ತಂತ್ರಾಂಶದ ಕರಾರಿಗೆ ಸಹಿ ಹಾಕುವ ಮುನ್ನ, ಮುಂದೆ ಬೇರೆ ತಂತ್ರಾಂಶಕ್ಕೆ ಹೋಗುವುದಾದರೆ ಪೂರ್ಣ ಮಾಹಿತಿ ಮರಳಿ ದೊರೆಯುವುದೇ ಎಂಬುದನ್ನು ಲಿಖಿತವಾಗಿ ಪಡೆಯುವುದು ಅವಶ್ಯ. ಯಂತ್ರ ಹಳತಾದರೆ ಮತ್ತೊಂದನ್ನು ಕೊಳ್ಳಬಹುದು. ಕಳೆದುಹೋದ ಲೆಕ್ಕವನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.