ಶಾಸನ ಓದಿದವರು ಬರೆದ ಕವಿಚರಿತೆ

ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯನ್ನು ಮೆಚ್ಚುವವರೂ ಅದನ್ನು ಕವಿಗಳ ದೊಡ್ಡ ಪಟ್ಟಿ ಎಂದೇ ಮೆಚ್ಚುತ್ತಾರೆ. ಕವಿಯ ಹೆಸರು, ಕಾಲ, ಮತ, ಗುರು, ಆಶ್ರಯದಾತ, ಗ್ರಂಥ, ಮಾದರಿಗೆ ನಾಲ್ಕಾರು ಪದ್ಯ: ಪರೀಕ್ಷೆಗೆ ಕೂರುವವರಿಗೆ ಅಷ್ಟು ಸಾಕು. ಆದರೆ ಆ ಮೂರು ಸಂಪುಟಗಳನ್ನು ಮಧ್ಯಯುಗದ ಕನ್ನಡ ನಾಡಿನ ಜನಜೀವನದ ಚರಿತ್ರೆಯಾಗಿಯೂ ಓದಬೇಕು. ಅವು ಹಾಗೆ ರೂಪುಗೊಂಡದ್ದು ಬರೆದವರ ಉದ್ಯೋಗದಿಂದ. 1860ರಲ್ಲಿ ಹುಟ್ಟಿದ ಆಚಾರ್ಯರು ಬಿ.ಎಲ್. ರೈಸ್ ನಿವೃತ್ತರಾದ ಮೇಲೆ, 1906ರಿಂದ 1922ರವರೆಗೆ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಹೊಣೆ ಹೊತ್ತಿದ್ದರು. ಎಸ್.ಜಿ. ನರಸಿಂಹಾಚಾರ್ಯರ ಜೊತೆಗೂಡಿ ಸಿದ್ಧಪಡಿಸಿದ ಮೊದಲ ಸಂಪುಟ 1907ರಲ್ಲಿ ಬಂತು, ಎಸ್.ಜಿ. ಅದೇ ವರ್ಷ ತೀರಿಕೊಂಡರು. ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ ಹೊರಬಂದವು. ಈ ನಡುವೆಯೇ ಅವರು ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಯ ದೇವಾಲಯಗಳ ಮೇಲೆ ಪುಸ್ತಕ ಬರೆದರು. ಹಗಲು ಶಿಲೆಯ ಅಕ್ಷರ ಓದುವ ಕಣ್ಣೇ ತಾಳೆಗರಿಯನ್ನೂ ಓದಿತು.

ಶ್ರವಣಬೆಳಗೊಳವನ್ನೇ ನೋಡಿ. ರೈಸ್ 1889ರಲ್ಲಿ ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದ್ದರು. ಆಚಾರ್ಯರು ಪರಿಷ್ಕರಿಸಿದ 1923ರ ಸಂಪುಟದಲ್ಲಿ ಅವು 500. ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಶ್ರೀ ಕವಿರತ್ನ’ ಎಂಬ ಪುಟ್ಟ ಬರಹವಿದೆ. ಅದು ರನ್ನನದೇ ಇರಬೇಕೆಂಬುದು ವಿದ್ವಾಂಸರ ಊಹೆ. ತಾನು ಮುದುವೊಳಲಿನ ಬಳೆಗಾರ ಕುಲದವನೆಂದು, ತಾಯಿ ಅಬ್ಬಲಬ್ಬೆ, ತಂದೆ ಜಿನವಲ್ಲಭ ಎಂದು ಅಜಿತಪುರಾಣದಲ್ಲಿ ಹೇಳಿಕೊಂಡವನು ಈ ರನ್ನ. ಅವನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ ಲಕ್ಕುಂಡಿಯ 1007ರ ಶಾಸನದಲ್ಲಿದ್ದಾಳೆ. ಬಳೆ ಮಾರುವ ಮನೆಯ ಹುಡುಗ ಚಾಳುಕ್ಯರ ಆಸ್ಥಾನದ ಕವಿಚಕ್ರವರ್ತಿಯಾಗುವುದು ಹತ್ತನೆಯ ಶತಮಾನದ ಸಮಾಜದಲ್ಲಿ ಸಾಧ್ಯವಿತ್ತು ಎಂಬ ಮಾತು ಇಲ್ಲಿ ಊಹೆಯಾಗಿ ಉಳಿಯುವುದಿಲ್ಲ. ಜನ್ನನ ಮನೆತನ ಇನ್ನೊಂದು ಬಗೆಯದು. ತಂದೆ ಸುಮನೋಬಾಣ ಹೊಯ್ಸಳರ ಕಟಕೋಪಾಧ್ಯಾಯ, ಸೋದರಳಿಯ ‘ಶಬ್ದಮಣಿದರ್ಪಣ’ದ ಕೇಶಿರಾಜ. ‘ಯಶೋಧರ ಚರಿತೆ’ ಬರೆದ ಅದೇ ಜನ್ನ ಚನ್ನರಾಯಪಟ್ಟಣ ತಾಲ್ಲೂಕಿನ 1191ರ ಶಾಸನವನ್ನೂ ರಚಿಸಿದ. ಕಾವ್ಯ ಮತ್ತು ರಾಜಸೇವೆ ಒಂದೇ ಮನೆಯಲ್ಲಿ ತಲೆಮಾರು ದಾಟಿದ ಬಗೆ ಇದರಿಂದ ತಿಳಿಯುತ್ತದೆ. ಸುಮಾರು 1180ರಲ್ಲಿ ಗೊಮ್ಮಟನನ್ನು ಕುರಿತು ಶಾಸನಪದ್ಯಗಳನ್ನು ಬರೆದ ಬೊಪ್ಪಣ ಪಂಡಿತನ ಕವಿಕೀರ್ತಿಯಂತೂ ಆ ಕಲ್ಲನ್ನೇ ನೆಚ್ಚಿಕೊಂಡಿದೆ.

ಇದಕ್ಕೆ ಎದುರುಮಾತುಗಳಿವೆ, ಅವು ಹಗುರವಾದವೂ ಅಲ್ಲ. ಕವಿಚರಿತೆಯಲ್ಲಿ ಕವಿಯ ಅಂತರಂಗ ಎಲ್ಲಿದೆ, ಕಾವ್ಯದ ಬೆಲೆ ಕಟ್ಟಿದ್ದೆಲ್ಲಿ ಎಂದು ಕೇಳುವವರಿದ್ದಾರೆ. ನಿಜ, ವಿಮರ್ಶೆ ಅಲ್ಲಿ ತೀರ ಕಡಿಮೆ. ಆದರೆ ಯಾರು ಮೊದಲು, ಯಾರು ಆಮೇಲೆ ಎಂಬುದೇ ಗೊತ್ತಿಲ್ಲದಾಗ ಪ್ರಭಾವದ ಮಾತು ಆಡುವುದಾದರೂ ಹೇಗೆ? ಕವಿಗಳು ಪೂರ್ವಕವಿಗಳನ್ನು ಸ್ಮರಿಸುವ ಪದ್ಯಗಳಿಂದ, ಮಲ್ಲಿಕಾರ್ಜುನನ ‘ಸೂಕ್ತಿಸುಧಾರ್ಣವ’ದಂಥ ಸಂಕಲನಗಳಿಂದ ಕಾಲದ ಮೇಲಿನ ಕೆಳಗಿನ ಗಡಿಗಳನ್ನು ಕಟ್ಟಿಕೊಳ್ಳಬೇಕಿತ್ತು. ಆ ನೆಲಗಟ್ಟಿನ ಮೇಲೆಯೇ ಮುಂದಿನ ವಿಮರ್ಶೆ ನಿಂತಿತು. ಅವರ ಎಷ್ಟೋ ಕಾಲನಿರ್ಣಯಗಳು ಬಿದ್ದುಹೋಗಿವೆಯಲ್ಲ ಎಂಬುದು ಮತ್ತೊಂದು ಆಕ್ಷೇಪ. ಬಿದ್ದಿವೆ, ಮೊದಲ ಸಂಪುಟವನ್ನು ಆಚಾರ್ಯರೇ ಪರಿಷ್ಕರಿಸಿದರು. ಆಧಾರವನ್ನು ಮುಂದಿಟ್ಟು ಆಮೇಲೆ ಕಾಲ ಹೇಳಿದ್ದರಿಂದಲೇ ನಂತರದವರು ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾಯಿತು. ಮೂರನೆಯ ಆಕ್ಷೇಪಕ್ಕೆ ಇಷ್ಟು ಸುಲಭದ ಉತ್ತರವಿಲ್ಲ. ಶಾಸನ ಹಾಕಿಸುವವರು ಅರಸರು, ದಂಡನಾಯಕರು, ಸಿರಿವಂತರು. ಕಲ್ಲನ್ನು ನಂಬಿದ ಚರಿತ್ರೆ ಆಸ್ಥಾನಕವಿಯ ಕಡೆಗೆ ವಾಲುತ್ತದೆ. ವಚನಕಾರರ ಬಹುಪಾಲು ಬದುಕು ಭಕ್ತರ ಪುರಾಣಗಳಲ್ಲೇ ಉಳಿದಿದೆ. ಇದು ಸಾಕ್ಷ್ಯದ ಮಿತಿ. ಅದನ್ನು ಐತಿಹ್ಯದಿಂದ ತುಂಬಿದರೆ ಭಕ್ತಿ ಉಳಿದೀತು, ಚರಿತ್ರೆ ಉಳಿಯದು.

1918ರಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಆಚಾರ್ಯರು 1936ರಲ್ಲಿ ತೀರಿಕೊಂಡರು. ಹಳಗನ್ನಡ ಕವಿಯೊಬ್ಬನ ಮೇಲೆ ಬರೆಯಲು ಕೂತವರು ಇಂದಿಗೂ ಮೊದಲು ತೆರೆಯುವುದು ಕವಿಚರಿತೆಯನ್ನೇ. ಅದರ ಪಕ್ಕದಲ್ಲಿ ಶ್ರವಣಬೆಳಗೊಳದ ಶಾಸನ ಸಂಪುಟವನ್ನೂ ತೆರೆದಿಟ್ಟುಕೊಳ್ಳಿ. ಒಂದೇ ಕೈ ದುಡಿದ ಈ ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಡಬಾರದು.